ಕಾಮಾಲೆಯಲ್ಲಿ ಲಿವರ್ ಕೆಡಿಸುವವರು ಯಾರು?

ಮನೆಯಲ್ಲಿ ಯಾರಿಗಾದರೂ ಕಾಮಾಲೆ ಬಂದರೆ ಅಕ್ಕಪಕ್ಕದವರು ಹೇಳುವ ಮೊದಲ ಮಾತು, "ಮೈಯಲ್ಲಿ ರೋಗನಿರೋಧಕ ಶಕ್ತಿ ಇಲ್ಲ, ಅದಕ್ಕೇ ಹೀಗಾಯಿತು." ಎರಡನೆಯ ಮಾತು, "ಶಕ್ತಿ ಬರುವಂಥದ್ದು ಏನಾದರೂ ಕೊಡಿ." ಮೂರನೆಯದು, ಮದ್ದು ಕೊಡುವ ಯಾರದೋ ವಿಳಾಸ. ಈ ಮಾತುಗಳ ಹಿಂದೆ ಪ್ರೀತಿ ಇದೆ, ಸಂಶಯವಿಲ್ಲ. ಆದರೆ ಮೊದಲನೆಯ ಮಾತೇ ತಲೆಕೆಳಗಾಗಿದೆ. ವೈರಸ್‌ನಿಂದ ಬರುವ ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದು ಹೆಚ್ಚಾಗಿ ನಮ್ಮ ರೋಗನಿರೋಧಕ ವ್ಯವಸ್ಥೆ ಸುಮ್ಮನಿದ್ದುದರಿಂದಲ್ಲ, ಅದು ಕೆಲಸಕ್ಕಿಳಿದುದರಿಂದ. ಲಿವರ್ ಪೂರ್ತಿ ಕೈಕೊಟ್ಟು ಜೀವಕ್ಕೇ ಅಪಾಯವಾಗುವ ಕೆಲವು ರೋಗಿಗಳಲ್ಲಂತೂ ಆ ವ್ಯವಸ್ಥೆ ಮಿತಿಮೀರಿ ಕೆಲಸ ಮಾಡಿರುತ್ತದೆ.

ಇದು ವಿಚಿತ್ರವೆನಿಸಬಹುದು. ಆದರೆ ಇದನ್ನು ತಿಳಿದುಕೊಂಡರೆ ರೋಗಿಯನ್ನು ನೋಡಿಕೊಳ್ಳುವ ನಿಮ್ಮ ರೀತಿಯೇ ಬದಲಾಗುತ್ತದೆ. ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಪರಿಚಿತವಾದ ಒಂದು ಸಂಗತಿಯನ್ನೇ ತೆಗೆದುಕೊಳ್ಳೋಣ. ಗಲ್ಫ್‌ಗೆ ಹೊರಟ ಹುಡುಗ, ಇಪ್ಪತ್ತೈದರ ಗಟ್ಟಿಮುಟ್ಟಾದ ಆಳು. ಒಂದು ದಿನ ಜ್ವರವೆಂದು ಮಲಗಿದವನಲ್ಲ. ವೀಸಾದ ಮೆಡಿಕಲ್‌ನಲ್ಲಿ ರಕ್ತ ಪರೀಕ್ಷೆಯಾದಾಗ ಹೆಪಟೈಟಿಸ್ ಬಿ ಪಾಸಿಟಿವ್. ಅವನು ಅನ್‌ಫಿಟ್. ಮನೆಯವರಿಗೆ ನಂಬಿಕೆಯೇ ಬರುವುದಿಲ್ಲ. ಇನ್ನೊಂದು ಮನೆಯಲ್ಲಿ ಅದೇ ವಯಸ್ಸಿನ ಮತ್ತೊಬ್ಬನಿಗೆ ಅದೇ ವೈರಸ್ ತಗಲಿ ಕಣ್ಣು, ಮೂತ್ರ ಎಲ್ಲ ಹಳದಿಯಾಗಿ, ಎರಡು ತಿಂಗಳು ಹಾಸಿಗೆ ಹಿಡಿಯುತ್ತಾನೆ. ಆರು ತಿಂಗಳ ಬಳಿಕ ಪರೀಕ್ಷಿಸಿದರೆ ಅವನ ರಕ್ತದಲ್ಲಿ ವೈರಸ್‌ನ ಸುಳಿವಿಲ್ಲ. ಕಾಯಿಲೆ ಬಿದ್ದವನ ಮೈಯಿಂದ ವೈರಸ್ ಹೋಯಿತು, ಕಾಯಿಲೆಯೇ ಬೀಳದವನ ಮೈಯಲ್ಲಿ ಉಳಿಯಿತು. ವೈರಸ್ಸೇ ಲಿವರನ್ನು ಕೊರೆದು ತಿನ್ನುವುದಾಗಿದ್ದರೆ ಹೀಗಾಗಲು ಸಾಧ್ಯವಿತ್ತೇ?

ಕಾರಣ ಲಿವರಿನ ಸ್ವಭಾವದಲ್ಲಿದೆ. ಯಕೃತ್ತು ಎಂದು ಪುಸ್ತಕಗಳಲ್ಲಿ ಕರೆಯುವ ಈ ಅಂಗ ಬಲಪಕ್ಕೆಯ ಕೆಳಗೆ ಸುಮಾರು ಒಂದೂವರೆ ಕಿಲೋ ತೂಗುತ್ತಾ ಕುಳಿತಿರುತ್ತದೆ. ಅದಕ್ಕೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ನೇರವಾಗಿ ಕರುಳಿನಿಂದ ಬರುತ್ತದೆ. ನಾವು ತಿಂದ ಮೀನು, ಮಾಂಸ, ಬೇಳೆ, ಮಸಾಲೆ ಎಲ್ಲದರ ಸಾರ, ಜೊತೆಗೆ ಕರುಳಿನ ಬ್ಯಾಕ್ಟೀರಿಯಾಗಳ ಚೂರುಪಾರು ಹೊತ್ತ ರಕ್ತ ಅದು. ಇದೆಲ್ಲ ದೇಹಕ್ಕೆ ಹೊರಗಿನ ವಸ್ತುವೇ. ಪ್ರತಿಯೊಂದರ ಮೇಲೂ ಯುದ್ಧಕ್ಕೆ ಹೊರಟರೆ ನಾವು ಊಟ ಮಾಡಿ ಬದುಕುವಂತಿಲ್ಲ. ಆದ್ದರಿಂದ ಲಿವರಿನಲ್ಲಿ ರೋಗನಿರೋಧಕ ಕಣಗಳು ಸಹನೆಯನ್ನು ಕಲಿತಿರುತ್ತವೆ. ತುಂಬಿದ ಮನೆಯ ಹಿರಿಯ ಸೊಸೆಯಂತೆ, ನೋಡಿಯೂ ನೋಡದ ಹಾಗೆ ಇರುವ ಸಹನೆ. ಹೆಪಟೈಟಿಸ್ ವೈರಸ್‌ಗಳಿಗೆ ಬೇಕಾದುದೂ ಇದೇ.

ಹೆಪಟೈಟಿಸ್ ಬಿ ವೈರಸ್ ಲಿವರಿನ ಜೀವಕೋಶದೊಳಗೆ ಹೊಕ್ಕು ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಅವು ಜೀವಕೋಶವನ್ನು ಒಡೆಯದೆ ಸದ್ದಿಲ್ಲದೆ ಹೊರಬಂದು ಪಕ್ಕದ ಕೋಶಗಳಿಗೆ ಹೋಗುತ್ತವೆ. ಹೀಗೆ ವಾರಗಟ್ಟಲೆ ನಡೆಯುತ್ತದೆ. ಚಿಂಪಾಂಜಿಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ ಲಿವರಿನ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ವೈರಸ್ ತುಂಬಿದ್ದ ಹೊತ್ತಿನಲ್ಲಿ ಲಿವರಿಗೆ ಯಾವ ಹಾನಿಯೂ ಕಂಡುಬಂದಿರಲಿಲ್ಲ. ಊಟ, ಓಡಾಟ ಎಲ್ಲ ಮಾಮೂಲು. ಹಾನಿ ಶುರುವಾದದ್ದು ಟಿ ಕಣಗಳೆಂಬ ಬಿಳಿ ರಕ್ತಕಣಗಳು ಲಿವರಿಗೆ ಬಂದು ತಲುಪಿದ ಮೇಲೆ.

ಈ ಟಿ ಕಣಗಳಲ್ಲಿ ಒಂದು ಬಗೆಗೆ 'ಕೊಲ್ಲುವ ಕಣ'ಗಳೆಂದೇ ಹೆಸರು. ವೈರಸ್ ಹೊಕ್ಕ ಜೀವಕೋಶ ತನ್ನ ಹೊರಮೈಯಲ್ಲಿ ವೈರಸ್‌ನ ಚೂರುಗಳನ್ನು ತೋರಿಸುತ್ತಿರುತ್ತದೆ. ಕೊಲ್ಲುವ ಕಣ ಅದನ್ನು ಗುರುತಿಸಿ, ಮೈಗೆ ಮೈ ತಾಗಿಸಿ, ಆ ಕೋಶದ ಗೋಡೆಯಲ್ಲಿ ರಂಧ್ರ ಮಾಡಿ ಒಳಗೆ ವಿಷಕಾರಿ ರಾಸಾಯನಿಕಗಳನ್ನು ಬಿಡುತ್ತದೆ. ಕೋಶ ಸಾಯುತ್ತದೆ, ಅದರೊಂದಿಗೆ ಒಳಗಿದ್ದ ವೈರಸ್ ಕಾರ್ಖಾನೆಯೂ ನಿಲ್ಲುತ್ತದೆ. ಸತ್ತ ಕೋಶದಿಂದ ಸೋರಿ ರಕ್ತಕ್ಕೆ ಸೇರುವ ಕಿಣ್ವವೇ ನಿಮ್ಮ ಲ್ಯಾಬ್ ರಿಪೋರ್ಟಿನಲ್ಲಿ ಕಾಣುವ ಎಸ್‌ಜಿಪಿಟಿ. ನಲವತ್ತರ ಆಸುಪಾಸಿನಲ್ಲಿರಬೇಕಾದ ಅಂಕಿ ಸಾವಿರ, ಎರಡು ಸಾವಿರ ಎಂದು ಏರಿದ್ದರೆ, ಅದು ವೈರಸ್ ಎಷ್ಟಿದೆ ಎಂಬ ಲೆಕ್ಕವಲ್ಲ. ನಮ್ಮ ಕಾವಲು ಪಡೆ ನಮ್ಮದೇ ಕೋಶಗಳನ್ನು ಎಷ್ಟು ಬೀಳಿಸುತ್ತಿದೆ ಎಂಬುದರ ಸೂಚನೆ.

ಈ ಗುಟ್ಟು ಬಯಲಾದ ಕಥೆ ಇಲಿಗಳಿಂದ ಶುರುವಾಗುತ್ತದೆ. ಇಲಿಗಳ ಮಿದುಳಿಗೆ ಉರಿಯೂತ ತರುವ ಒಂದು ವೈರಸ್ ಇದೆ. ಹುಟ್ಟಿದ ಕೂಡಲೇ ಅದು ತಗಲಿದ ಇಲಿಮರಿಗಳು ಜೀವನವಿಡೀ ವೈರಸ್ ಹೊತ್ತುಕೊಂಡು ಓಡಾಡಿಕೊಂಡಿರುತ್ತವೆ. ಬೆಳೆದ ಇಲಿಯ ಮಿದುಳಿಗೆ ಅದನ್ನೇ ಚುಚ್ಚಿದರೆ ಸಾಯುತ್ತದೆ. ಆದರೆ ಆ ಬೆಳೆದ ಇಲಿಯ ರೋಗನಿರೋಧಕ ಶಕ್ತಿಯನ್ನು ಮೊದಲೇ ಕುಗ್ಗಿಸಿದ್ದರೆ ಸಾಯುವುದಿಲ್ಲ! ಅಂದರೆ ಸಾಯಿಸುತ್ತಿದ್ದದ್ದು ವೈರಸ್ ಅಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಎಂಬಿಬ್ಬರು ಇದೇ ವೈರಸ್ಸನ್ನು ಹಿಡಿದು, ಕೊಲ್ಲುವ ಕಣಗಳು ವೈರಸ್ ಹೊಕ್ಕ ಕೋಶವನ್ನು ಗುರುತಿಸುವುದು ಹೇಗೆಂದು 1974ರಲ್ಲಿ ತೋರಿಸಿಕೊಟ್ಟರು. 1996ರಲ್ಲಿ ಅವರಿಗೆ ನೊಬೆಲ್ ಬಂತು. ಡೊಹರ್ಟಿ ಓದಿದ್ದು ಪಶುವೈದ್ಯಕೀಯ ಎಂಬುದನ್ನು ಇಲ್ಲಿ ಹೇಳಲೇಬೇಕು. ಡಾಕ್ಟರ್ ಸೀಟು ಸಿಗದೆ ಪಶುವೈದ್ಯಕೀಯಕ್ಕೆ ಸೇರಿದ ಮಗಳ ಬಗ್ಗೆ ಮರುಗುವ ತಾಯಂದಿರು ಗಮನಿಸಿ.

ಲಿವರಿನ ವಿಷಯಕ್ಕೆ ಬಂದರೆ, ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಫ್ರಾನ್ಸಿಸ್ ಕಿಸಾರಿ ಮತ್ತವರ ಸಂಗಡಿಗರು ಹೆಪಟೈಟಿಸ್ ಬಿ ವೈರಸ್‌ನ ಜೀನ್‌ಗಳನ್ನೇ ಇಲಿಗಳಿಗೆ ಸೇರಿಸಿದರು. ಇಲಿಯ ಲಿವರ್ ತುಂಬ ವೈರಸ್‌ನ ಪ್ರೋಟೀನು, ಆದರೂ ಇಲಿ ಆರೋಗ್ಯವಾಗಿತ್ತು. ಆ ಪ್ರೋಟೀನನ್ನು ಶತ್ರುವೆಂದು ಕಲಿತ ಟಿ ಕಣಗಳನ್ನು ಅದೇ ತಳಿಯ ಬೇರೆ ಇಲಿಗಳಿಂದ ತೆಗೆದು ಇವಕ್ಕೆ ಚುಚ್ಚಿದಾಗ ಹೆಪಟೈಟಿಸ್ ಹೊತ್ತಿಕೊಂಡಿತು. ಕೆಲವು ಇಲಿಗಳು ಲಿವರ್ ವಿಫಲವಾಗಿ ಸತ್ತವು. 1993ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಚುಚ್ಚಿದ ಟಿ ಕಣಗಳು ತಾವಾಗಿ ಕೊಂದದ್ದು ಸ್ವಲ್ಪವೇ ಕೋಶಗಳನ್ನು. ಅವು ಹೊರಡಿಸಿದ ರಾಸಾಯನಿಕ ಸಂದೇಶಗಳಿಗೆ ಓಗೊಟ್ಟು ಗುಂಪಾಗಿ ನುಗ್ಗಿದ ಇತರ ರಕ್ತಕಣಗಳಿಂದಲೇ ಹೆಚ್ಚಿನ ನಾಶವಾಯಿತು. ಗಲಾಟೆ ನಡೆದ ಬೀದಿಯನ್ನು ನೆನಪಿಸಿಕೊಳ್ಳಿ. ಜಗಳ ಶುರು ಮಾಡಿದವರು ಇಬ್ಬರು, ಅಂಗಡಿಗಳ ಗಾಜು ಒಡೆಯುವವರು ಆಮೇಲೆ ಓಡಿಬಂದ ನೂರು ಮಂದಿ.

ಹಾಗಾದರೆ ಈ ಕಾವಲು ಪಡೆ ನಮ್ಮ ಶತ್ರುವೇ? ಅಲ್ಲ. ಅದೇ ತಂಡ 1996ರಲ್ಲಿ ಇನ್ನೊಂದನ್ನು ಕಂಡುಹಿಡಿಯಿತು. ಟಿ ಕಣಗಳು ಇಂಟರ್‌ಫೆರಾನ್‌ನಂತಹ ವಸ್ತುಗಳನ್ನು ಹೊರಬಿಟ್ಟು, ಕೋಶವನ್ನು ಕೊಲ್ಲದೆಯೇ ಅದರೊಳಗಿನ ವೈರಸ್ಸನ್ನು ಅಡಗಿಸಬಲ್ಲವು. 2003ರಲ್ಲಿ ಚಿಂಪಾಂಜಿಗಳಲ್ಲಿ ಈ ಕಣಗಳನ್ನು ತಾತ್ಕಾಲಿಕವಾಗಿ ಇಲ್ಲವಾಗಿಸಿ ನೋಡಿದರು. ಕಾಯಿಲೆಯೂ ತಡವಾಯಿತು, ವೈರಸ್ ಹೋಗುವುದೂ ತಡವಾಯಿತು. ಗುಣಪಡಿಸುವ ಕೈಯೂ ಅದೇ, ಗಾಯ ಮಾಡುವ ಕೈಯೂ ಅದೇ. ಹೆಚ್ಚಿನವರಲ್ಲಿ ಈ ಕೆಲಸ ಹದವಾಗಿ ನಡೆಯುತ್ತದೆ. ಕೆಲವು ಕೋಶಗಳು ಸಾಯುತ್ತವೆ, ಉಳಿದವು ಶುದ್ಧವಾಗುತ್ತವೆ, ಲಿವರ್ ಹೊಸ ಕೋಶಗಳನ್ನು ಬೆಳೆಸಿಕೊಳ್ಳುತ್ತದೆ. ಕಾಮಾಲೆ ಬಂದು ಹೋಗುತ್ತದೆ.

ಈ ಹದ ವಯಸ್ಸಿನ ಪ್ರಕಾರ ಬದಲಾಗುತ್ತದೆ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಐದಾರು ವರ್ಷದೊಳಗಿನ ಮಕ್ಕಳಿಗೆ ತಗಲಿದರೆ ಹೆಚ್ಚಿನವರಿಗೆ ಕಣ್ಣು ಹಳದಿಯಾಗುವುದೇ ಇಲ್ಲ. ದೊಡ್ಡವರಿಗೆ ತಗಲಿದರೆ ಹತ್ತರಲ್ಲಿ ಏಳು ಮಂದಿಗಾದರೂ ಕಾಮಾಲೆಯಾಗುತ್ತದೆ. ನೆರೆಯ ಕೇರಳದಲ್ಲಿ 2024ರಲ್ಲಿ ಹೆಪಟೈಟಿಸ್ ಎ ಹರಡಿ ಸಾವುಗಳಾದುದನ್ನು ನೀವು ಓದಿರಬಹುದು. ಬಾಲ್ಯದಲ್ಲಿ ಶುದ್ಧ ನೀರು ಕುಡಿದು ಬೆಳೆದು, ಈ ವೈರಸ್ಸನ್ನು ದೊಡ್ಡವರಾದ ಮೇಲೆ ಮೊದಲ ಸಲ ಎದುರಿಸುವವರಲ್ಲಿ ಕಾಯಿಲೆ ಜೋರಾಗಿರುತ್ತದೆ. ಇನ್ನೊಂದು ಮಾತು. ಈ ರೋಗಿಯ ಮಲದಲ್ಲಿ ವೈರಸ್ ಅತಿ ಹೆಚ್ಚಾಗಿರುವುದು ಕಣ್ಣು ಹಳದಿಯಾಗುವುದಕ್ಕೆ ಮುಂಚಿನ ದಿನಗಳಲ್ಲಿ. ನೀವು ತಟ್ಟೆ, ಲೋಟ ಬೇರೆ ಮಾಡುವ ಹೊತ್ತಿಗೆ ಹರಡುವುದೆಲ್ಲ ಬಹುಪಾಲು ಹರಡಿ ಆಗಿರುತ್ತದೆ. ಹಾಗಾಗಿ ಕೈತೊಳೆಯುವ ಅಭ್ಯಾಸ ಕಾಮಾಲೆ ಬಂದ ಮೇಲೆ ಕಲಿಯುವಂಥದ್ದಲ್ಲ.

ಇನ್ನು ಹದ ತಪ್ಪಿದಾಗ ಏನಾಗುತ್ತದೆ ನೋಡೋಣ. ಹೆಪಟೈಟಿಸ್ ಬಿ ಹೊಸದಾಗಿ ತಗಲಿ ಕಾಯಿಲೆ ಬಿದ್ದ ದೊಡ್ಡವರಲ್ಲಿ ಸುಮಾರು ನೂರಕ್ಕೊಬ್ಬರಿಗೆ ಲಿವರ್ ಹಠಾತ್ತನೆ ವಿಫಲವಾಗುತ್ತದೆ. ಕೋಶಗಳು ಸಾಯುವ ವೇಗದ ಮುಂದೆ ಹೊಸ ಕೋಶಗಳು ಹುಟ್ಟುವ ವೇಗ ಸೋಲುತ್ತದೆ. ಆಶ್ಚರ್ಯವೆಂದರೆ ಇಂಥವರಲ್ಲಿ ವೈರಸ್ ಎಲ್ಲರಿಗಿಂತ ಬೇಗ ನಾಶವಾಗಿರುತ್ತದೆ. ಎಷ್ಟು ಬೇಗವೆಂದರೆ, ಎಚ್‌ಬಿಎಸ್‌ಎಜಿ ಎಂಬ ಮಾಮೂಲು ಪರೀಕ್ಷೆ ಕೆಲವರಲ್ಲಿ ನೆಗೆಟಿವ್ ಬಂದುಬಿಡುತ್ತದೆ. ಮನೆಯವರು "ಬಿ ಇಲ್ಲವಂತೆ" ಎಂದು ಉಸಿರು ಬಿಡುತ್ತಾರೆ. ವೈದ್ಯರು ಮಾತ್ರ ಆಂಟಿ ಎಚ್‌ಬಿಸಿ ಐಜಿಎಮ್ ಎಂಬ ಬೇರೊಂದು ಪರೀಕ್ಷೆ ಬರೆದುಕೊಡುತ್ತಾರೆ. ಆ ಖರ್ಚು ದಂಡವೆಂದು ತಿಳಿಯಬೇಡಿ. ಯುದ್ಧ ಗೆದ್ದು ಊರು ಸುಟ್ಟುಹೋದ ಸ್ಥಿತಿ ಅದು, ಊರು ಸುಟ್ಟವರಾರೆಂದು ತಿಳಿಯಲು ಆ ಪರೀಕ್ಷೆ ಬೇಕು.

ಲಿವರ್ ಕೈಕೊಟ್ಟರೆ ಮೊದಲು ಕೆಡುವುದು ಮೂರು ಕೆಲಸ. ರಕ್ತ ಹೆಪ್ಪುಗಟ್ಟಿಸುವ ಅಂಶಗಳು ತಯಾರಾಗುವುದಿಲ್ಲ, ಸಕ್ಕರೆಯ ದಾಸ್ತಾನು ಖಾಲಿಯಾಗುತ್ತದೆ, ಕರುಳಿನಿಂದ ಬರುವ ಅಮೋನಿಯ ಶುದ್ಧವಾಗದೆ ಮಿದುಳಿಗೆ ಏರುತ್ತದೆ. ಈ ಮೂರನೆಯದನ್ನು ಮೊದಲು ಗುರುತಿಸುವವರು ಮನೆಯ ಹೆಂಗಸರು, ಡಾಕ್ಟರಲ್ಲ. ಏಕೆಂದರೆ ಅದು ಶುರುವಾಗುವುದು ತೀರಾ ಸಣ್ಣ ಬದಲಾವಣೆಗಳಿಂದ. ಹಗಲೆಲ್ಲ ತೂಕಡಿಸುವ ರೋಗಿ ರಾತ್ರಿ ಕಣ್ಣು ಮುಚ್ಚುವುದಿಲ್ಲ. ಸೌಮ್ಯ ಸ್ವಭಾವದವನು ವಿನಾಕಾರಣ ರೇಗುತ್ತಾನೆ. ಕೇಳಿದ್ದನ್ನೇ ಮತ್ತೆ ಕೇಳುತ್ತಾನೆ, ಅಂಗಿಯ ಗುಂಡಿ ತಪ್ಪಾಗಿ ಹಾಕುತ್ತಾನೆ, ಕೈ ಚಾಚಿ ಹಿಡಿ ಎಂದರೆ ಅಂಗೈ ಹಕ್ಕಿಯ ರೆಕ್ಕೆಯಂತೆ ಪಟಪಟಿಸುತ್ತದೆ. "ಪಾಪ, ಸುಸ್ತಾಗಿದೆ, ಮಲಗಲಿ ಬಿಡಿ" ಎಂದು ಬಾಗಿಲು ಎಳೆದುಕೊಳ್ಳುವ ರಾತ್ರಿಯೇ ಅಪಾಯದ ರಾತ್ರಿ. ಕಾಮಾಲೆಯ ರೋಗಿಯಲ್ಲಿ ಇಂಥ ಮಂಕು ಕಂಡರೆ ಬೆಳಗಾಗುವುದನ್ನು ಕಾಯಬಾರದು. ಒಸಡಿನಿಂದ ರಕ್ತ ಬಂದರೂ, ಇಂಜೆಕ್ಷನ್ ಕೊಟ್ಟ ಜಾಗ ಕಪ್ಪಗೆ ಕಂದಿದರೂ, ಬಿಡದೆ ವಾಂತಿಯಾದರೂ ಹಾಗೆಯೇ.

ರಿಪೋರ್ಟ್ ಓದುವುದರಲ್ಲೂ ಒಂದು ಮೋಸವಿದೆ. ಎರಡು ಸಾವಿರವಿದ್ದ ಎಸ್‌ಜಿಪಿಟಿ ನಾಲ್ಕು ದಿನಗಳಲ್ಲಿ ಮುನ್ನೂರಕ್ಕೆ ಇಳಿದರೆ ಮನೆಮಂದಿ ಸಂತೋಷಪಡುತ್ತಾರೆ. ರೋಗಿ ಚೇತರಿಸಿ, ಹಸಿವೆಯಾಗಿ, ಬಿಲಿರುಬಿನ್ ಕೂಡಾ ಇಳಿಯುತ್ತಿದ್ದರೆ ಅದು ಸಂತೋಷದ ಸುದ್ದಿಯೇ. ಆದರೆ ಬಿಲಿರುಬಿನ್ ಏರುತ್ತಾ, ಐಎನ್‌ಆರ್ ಎಂಬ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಅಂಕಿ ಒಂದೂವರೆ ದಾಟಿ ಮೇಲೇರುತ್ತಾ, ಎಸ್‌ಜಿಪಿಟಿ ಮಾತ್ರ ಕುಸಿಯುತ್ತಿದ್ದರೆ ಅರ್ಥ ಬೇರೆ. ಸಾಯಲು ಕೋಶಗಳೇ ಹೆಚ್ಚು ಉಳಿದಿಲ್ಲ ಎಂದು. ವೈದ್ಯರನ್ನು "ಎಸ್‌ಜಿಪಿಟಿ ಎಷ್ಟಿದೆ?" ಎಂದು ಕೇಳುವ ಜೊತೆಗೆ "ಐಎನ್‌ಆರ್ ಎಷ್ಟಿದೆ?" ಎಂದೂ ಕೇಳಿ.

ಬುದ್ಧಿವಂತ ಓದುಗರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ತಪ್ಪು ಕಾವಲು ಪಡೆಯದಾದರೆ ಅದನ್ನು ಅಡಗಿಸುವ ಮದ್ದು, ಅಂದರೆ ಸ್ಟೀರಾಯ್ಡ್, ಕೊಟ್ಟುಬಿಡಬಾರದೇಕೆ? ವೈದ್ಯರಿಗೂ ಇದೇ ಯೋಚನೆ ಬಂದಿತ್ತು. 1970ರ ದಶಕದಿಂದಲೇ ಪ್ರಯೋಗಿಸಿ ನೋಡಿದರು. ವೈರಸ್‌ನಿಂದ ಹಠಾತ್ತಾಗಿ ಲಿವರ್ ವಿಫಲವಾದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ರೋಗಿ ಆಸ್ಪತ್ರೆ ಸೇರುವಷ್ಟರಲ್ಲಿ ಕೊಲ್ಲುವ ಕೆಲಸ ಬಹುಪಾಲು ಮುಗಿದಿರುತ್ತದೆ. ಅಷ್ಟೇ ಅಲ್ಲ, ಮಿತಿಮೀರಿ ಉರಿದ ಕಾವಲು ಪಡೆ ಆ ಬಳಿಕ ಸೋತು ಸುಣ್ಣವಾಗಿರುತ್ತದೆ. ಲಿವರ್ ವೈಫಲ್ಯದ ಅನೇಕ ರೋಗಿಗಳು ಕೊನೆಗೆ ಸಾಯುವುದು ಶ್ವಾಸಕೋಶದ ಅಥವಾ ರಕ್ತದ ಸೋಂಕಿನಿಂದ. ಆಗ ಸ್ಟೀರಾಯ್ಡ್ ಕೊಟ್ಟರೆ ಇದ್ದ ಕಾವಲನ್ನೂ ಕಳುಹಿಸಿಬಿಟ್ಟಂತೆ. ಈಗ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಯ ರಕ್ತದ ಪ್ಲಾಸ್ಮಾ ತೆಗೆದು ದಾನಿಗಳ ಪ್ಲಾಸ್ಮಾ ತುಂಬಿಸುವ ಚಿಕಿತ್ಸೆಯಿದೆ. ಉರಿಯೂತದ ರಾಸಾಯನಿಕಗಳು, ಸತ್ತ ಕೋಶಗಳ ವಿಷ ಅದರೊಂದಿಗೆ ಹೊರಹೋಗುತ್ತವೆ. ಯುರೋಪಿನಲ್ಲಿ 182 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 59 ಮಂದಿ, ಪಡೆಯದವರಲ್ಲಿ ನೂರಕ್ಕೆ 48 ಮಂದಿ ಬದುಕಿದರು. ಅದೂ ಸಾಲದಿದ್ದರೆ ಲಿವರ್ ಕಸಿ. ಆದ್ದರಿಂದ ಮಂಕು ಕಂಡ ದಿನವೇ ಇಂಥ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯುವುದರಲ್ಲಿ ಜೀವವಿದೆ.

ಈಗ ಗರ್ಭಿಣಿಯರ ವಿಷಯ. ಇದನ್ನು ದಯವಿಟ್ಟು ಮನೆಯ ಸೊಸೆಯಂದಿರಿಗೂ ಓದಿಹೇಳಿ. 1978ರ ಚಳಿಗಾಲದಲ್ಲಿ ಕಾಶ್ಮೀರ ಕಣಿವೆಯಲ್ಲಿ ಕಾಮಾಲೆಯ ದೊಡ್ಡ ಸಾಂಕ್ರಾಮಿಕ ಎದ್ದಿತು. ಮುಹಮ್ಮದ್ ಸುಲ್ತಾನ್ ಖುರೂ ಎಂಬ ಕಾಶ್ಮೀರಿ ವೈದ್ಯರು ಹಳ್ಳಿ ಹಳ್ಳಿ ಸುತ್ತಿ ರೋಗಿಗಳನ್ನು ಪರೀಕ್ಷಿಸಿದರು. ಜನ ಕುಡಿಯುತ್ತಿದ್ದ ತೊರೆಯ ನೀರು ಮಲದಿಂದ ಕಲುಷಿತವಾಗಿತ್ತು. ರಕ್ತ ಪರೀಕ್ಷೆಯಲ್ಲಿ ಅದು ಎ ಅಲ್ಲ, ಬಿ ಅಲ್ಲ. ಹೊಸದೊಂದು ವೈರಸ್ ಇರಬೇಕೆಂದು ಅವರು 1980ರಲ್ಲಿ ಬರೆದರು. ಅದನ್ನೇ ಇಂದು ಹೆಪಟೈಟಿಸ್ ಇ ಎನ್ನುತ್ತಾರೆ. ಅವರು ಬರೆದಿಟ್ಟ ಲೆಕ್ಕ ನೋಡಿ. 208 ಗರ್ಭಿಣಿಯರಲ್ಲಿ 36 ಮಂದಿಗೆ ಕಾಮಾಲೆಯಾಯಿತು, ಅವರಲ್ಲಿ 8 ಮಂದಿಯ ಲಿವರ್ ವಿಫಲವಾಯಿತು. ಗರ್ಭಿಣಿಯರಲ್ಲದ ಹೆಂಗಸರಲ್ಲಿ 71 ಮಂದಿಗೆ ಕಾಮಾಲೆಯಾದರೂ ಒಬ್ಬರಿಗೂ ಲಿವರ್ ವಿಫಲವಾಗಲಿಲ್ಲ. ಒಂದೇ ಊರು, ಒಂದೇ ನೀರು, ಒಂದೇ ವೈರಸ್. ಬೇರೆಯಾಗಿದ್ದದ್ದು ಅದನ್ನು ಎದುರಿಸಿದ ಮೈ.

ಗರ್ಭದಲ್ಲಿರುವ ಮಗು ಅರ್ಧದಷ್ಟು ತಂದೆಯ ಗುಣಗಳನ್ನು ಹೊತ್ತದ್ದು, ತಾಯಿಯ ದೇಹಕ್ಕೆ ಒಂದು ರೀತಿಯಲ್ಲಿ ಹೊರಗಿನದು. ಅದನ್ನು ಶತ್ರುವೆಂದು ತಿಳಿಯಬಾರದೆಂದೇ ತಾಯಿಯ ರೋಗನಿರೋಧಕ ವ್ಯವಸ್ಥೆ ಆ ಒಂಬತ್ತು ತಿಂಗಳು ತನ್ನ ನಡೆ ಬದಲಿಸಿಕೊಳ್ಳುತ್ತದೆ. ಆ ಬದಲಾದ ಹದವೇ ಹೆಪಟೈಟಿಸ್ ಇ ವೈರಸ್‌ಗೆ ಅವಕಾಶ ಮಾಡಿಕೊಡುತ್ತದೆ ಎಂಬುದು ಒಂದು ವಾದ. ಹಾರ್ಮೋನ್‌ಗಳ ಏರಿಕೆ, ತಾಯಿಯ ಅಪೌಷ್ಟಿಕತೆ ಕೂಡಾ ಸೇರಿಕೊಳ್ಳುತ್ತವೆ ಎನ್ನುವವರಿದ್ದಾರೆ. ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಆದರೆ ಪರಿಣಾಮದ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಕೊನೆಯ ಮೂರು ತಿಂಗಳಲ್ಲಿ ಈ ಕಾಮಾಲೆ ಬಂದ ಗರ್ಭಿಣಿಯರಲ್ಲಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಮಂದಿಯವರೆಗೆ ಸಾಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಗರ್ಭಿಣಿಯಿರುವ ಮನೆಯಲ್ಲಿ ನೀರನ್ನು ಕುದಿಸಿಯೇ ಕುಡಿಯಬೇಕು. ಮಳೆಗಾಲದಲ್ಲಂತೂ ಇದರಲ್ಲಿ ರಿಯಾಯಿತಿ ಬೇಡ. ಮದುವೆ ಮನೆಯ ಶರಬತ್ತಿನ ಲೋಟವನ್ನು ಅವಳ ಕೈಗೆ ಕೊಡುವ ಮುನ್ನ ಅದರ ಮಂಜುಗಡ್ಡೆ ಎಲ್ಲಿಂದ ಬಂತೆಂದು ಯೋಚಿಸಿ. ಗರ್ಭಿಣಿಯ ಕಣ್ಣು ಹಳದಿಯಾದರೆ ಊರ ಮದ್ದಿಗೆ ಒಂದು ದಿನವನ್ನೂ ಕೊಡಬೇಡಿ.

ಊರ ಮದ್ದಿನ ಮಾತು ಬಂತು. ಸುಣ್ಣದ ನೀರಿನಲ್ಲಿ ಕೈತೊಳೆಸಿ ಹಳದಿ ಇಳಿಸುವವರು, ದಾರ ಕಟ್ಟುವವರು, ಬರೆ ಹಾಕುವವರು, ಬೆಳಗಿನ ಜಾವ ಸೊಪ್ಪಿನ ರಸ ಕುಡಿಸುವವರು ಇವರೆಲ್ಲರಿಗೂ ಹೆಸರು ಬಂದಿರುವುದು ಏಕೆ? ವೈರಸ್‌ನ ಕಾಮಾಲೆ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ತಾನಾಗಿಯೇ ಗುಣವಾಗುವುದರಿಂದ. ಕಣ್ಣು ಹಳದಿಯಾಗುವ ಹೊತ್ತಿಗೆ ಮೈಯೊಳಗೆ ವೈರಸ್ ಸೋಲತೊಡಗಿರುತ್ತದೆ, ಗೆಲುವಿನ ಶ್ರೇಯಸ್ಸು ಕೊನೆಯಲ್ಲಿ ಬಂದವರ ಪಾಲಾಗುತ್ತದೆ. ಕಿರುನೆಲ್ಲಿಯ ಕಥೆಯೂ ಇದಕ್ಕೆ ದೂರವಲ್ಲ. ಅದನ್ನು ಸೇವಿಸಿದ ಹೆಪಟೈಟಿಸ್ ಬಿ ವಾಹಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತ ಶುದ್ಧವಾಯಿತೆಂದು ಮದ್ರಾಸಿನ ಸಂಶೋಧಕರು 1988ರಲ್ಲಿ ಹೆಸರಾಂತ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಾಗ ಜಗತ್ತೇ ತಿರುಗಿ ನೋಡಿತು. ಬೇರೆ ಕಡೆಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ.

ನನಗೆ ಹೆಚ್ಚು ಚಿಂತೆ ತರುವುದು 'ಇಮ್ಯೂನಿಟಿ ಬೂಸ್ಟರ್' ಎಂಬ ಹೆಸರಿನ ಡಬ್ಬಿಗಳು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕುದಿಯಿತು. ಅದನ್ನು ಸೇವಿಸುತ್ತಿದ್ದ ಆರು ಮಂದಿಯ ಲಿವರಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅವರ ಲಿವರಿನ ತುಣುಕು ಪರೀಕ್ಷಿಸಿದಾಗ ಕಂಡದ್ದು ದೇಹ ತನ್ನದೇ ಲಿವರಿನ ಮೇಲೆ ದಾಳಿ ಮಾಡುವ ರೀತಿಯ ಉರಿಯೂತ. ಕೇಂದ್ರದ ಆಯುಷ್ ಸಚಿವಾಲಯ ಈ ವರದಿಯನ್ನು ಒಪ್ಪಲಿಲ್ಲ, ಅದು ನಿಮಗೆ ತಿಳಿದಿರಲಿ. ಆದರೆ ಕಾವಲು ಪಡೆಯ ಉರಿಯಿಂದಲೇ ಬೇಯುತ್ತಿರುವ ಲಿವರಿಗೆ ಅದನ್ನು ಇನ್ನಷ್ಟು ಉರಿಸುತ್ತೇನೆ ಎನ್ನುವ ಡಬ್ಬಿ ಏಕೆ? ಕಾಮಾಲೆಯ ರೋಗಿಗೆ ವೈದ್ಯರು ಬರೆದುಕೊಡದ ಯಾವುದನ್ನೂ ಕೊಡಬೇಡಿ, ಜ್ವರದ ಪ್ಯಾರಾಸಿಟಮಾಲ್ ಮಾತ್ರೆಯನ್ನು ಕೂಡಾ ಕೇಳದೆ ಕೊಡಬೇಡಿ. ಉಪ್ಪಿಲ್ಲದ ಗಂಜಿ, ಮಜ್ಜಿಗೆ ಮಾತ್ರ ಎಂಬ ಪಥ್ಯವೂ ಬೇಡ. ಸೇರುವುದನ್ನೆಲ್ಲ ಸ್ವಲ್ಪ ಸ್ವಲ್ಪವಾಗಿ ಆಗಾಗ ತಿನ್ನಲಿ, ಸೋತ ಲಿವರಿನಲ್ಲಿ ಸಕ್ಕರೆಯ ದಾಸ್ತಾನಿರುವುದಿಲ್ಲ. ರಮಝಾನ್‌ನಲ್ಲಿ ಕಾಮಾಲೆ ಬಂದ ಕೆಲವರು ಉಪವಾಸ ಹಿಡಿಯಲು ಹಟ ಮಾಡುವುದುಂಟು. ರೋಗಿಗೆ ಅದನ್ನು ಮುಂದೂಡುವ ಅನುಮತಿ ಕುರ್‌ಆನ್‌ನಲ್ಲೇ ಇದೆ.

ಮತ್ತೆ ಆ ಗಲ್ಫ್‌ಗೆ ಹೊರಟಿದ್ದ ಹುಡುಗನ ಕಡೆಗೆ ಬರೋಣ. ಅವನಂಥವರಿಗೆ ಈ ವೈರಸ್ ಬಹುಶಃ ಹುಟ್ಟುವಾಗಲೋ ತೀರ ಚಿಕ್ಕಂದಿನಲ್ಲೋ ತಗಲಿರುತ್ತದೆ. ಎಳೆಗೂಸಿನ ಕಾವಲು ಪಡೆಗೆ ತನ್ನದು, ಪರರದು ಎಂಬ ಭೇದ ಇನ್ನೂ ಪಕ್ವವಾಗಿರುವುದಿಲ್ಲ. ಆಗ ಒಳಬಂದ ವೈರಸ್ಸನ್ನು ಅದು ಮನೆಯವನೆಂದೇ ತಿಳಿಯುತ್ತದೆ. ಜ್ವರವಿಲ್ಲ, ಕಾಮಾಲೆಯಿಲ್ಲ, ಮಗು ದುಂಡಗೆ ಬೆಳೆಯುತ್ತದೆ. ಹೀಗೆ ಹುಟ್ಟಿನಲ್ಲಿ ಸೋಂಕಿದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತು ಮಂದಿಯಲ್ಲಿ ವೈರಸ್ ಶಾಶ್ವತವಾಗಿ ಉಳಿದುಬಿಡುತ್ತದೆ, ದೊಡ್ಡವರಾದ ಮೇಲೆ ಸೋಂಕಿದವರಲ್ಲಿ ನೂರಕ್ಕೆ ಐವರಿಗಿಂತ ಕಡಿಮೆ. ಭಾರತದಲ್ಲಿ 2022ರಲ್ಲಿ ಸುಮಾರು ಮೂರು ಕೋಟಿ ಜನರಲ್ಲಿ ಹೆಪಟೈಟಿಸ್ ಬಿ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ಮಗುವಿಗೆ ಏನೂ ಆಗಿಲ್ಲ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ.

ಆದ್ದರಿಂದ ಗರ್ಭಿಣಿಯ ಮೊದಲ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ ಇದೆಯೇ ಎಂದು ನೋಡಿಕೊಳ್ಳಿ. ತಾಯಿ ಪಾಸಿಟಿವ್ ಆಗಿದ್ದರೆ ಮಗುವಿಗೆ ಹುಟ್ಟಿದ 12 ಗಂಟೆಯೊಳಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಮತ್ತು ಲಸಿಕೆ ಎರಡೂ ಸಿಗಬೇಕು. ತಾಯಿ ನೆಗೆಟಿವ್ ಆದರೂ ಲಸಿಕೆಯ ಮೊದಲ ಡೋಸ್ 24 ಗಂಟೆಯೊಳಗೆ ಬೇಕು. ಈ ಲಸಿಕೆ 2011ರಿಂದ ದೇಶದೆಲ್ಲೆಡೆ ಸರಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿದೆ. ತಾಯಿಯ ರಕ್ತದಲ್ಲಿ ವೈರಸ್ ತುಂಬ ಹೆಚ್ಚಿದ್ದರೆ ಏಳನೆಯ ತಿಂಗಳಿನಿಂದ ಟೆನೊಫೊವಿರ್ ಮಾತ್ರೆ ಕೊಟ್ಟು ಮಗುವನ್ನು ಕಾಪಾಡಬಹುದು. ಲಸಿಕೆಯಾದ ಮಗುವಿಗೆ ತಾಯಿ ಹಾಲುಣಿಸುವುದಕ್ಕೆ ಅಡ್ಡಿಯಿಲ್ಲ. ಅಂಥ ತಾಯಿಯ ಮಡಿಲಿನಿಂದ ಮಗುವನ್ನು ಕಿತ್ತುಕೊಳ್ಳುವ ಅತ್ತೆಯಂದಿರಿಗೆ ಇದನ್ನು ಓದಲು ಕೊಡಿ. ಖತ್ನಾ ಮಾಡಿಸುವಾಗ, ಕಿವಿ ಚುಚ್ಚಿಸುವಾಗ ಹೊಸ ಬ್ಲೇಡು, ಹೊಸ ಸೂಜಿಯನ್ನು ಕೇಳಿ ಪಡೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಈ ಮೌನ ಒಪ್ಪಂದ ಎಂದೆಂದಿಗೂ ಉಳಿಯುವುದಿಲ್ಲ. ಇಪ್ಪತ್ತು, ಮೂವತ್ತು, ನಲವತ್ತರ ವಯಸ್ಸಿನಲ್ಲಿ ಯಾವಾಗಲೋ ಕಾವಲು ಪಡೆ ಎಚ್ಚೆತ್ತುಕೊಳ್ಳುತ್ತದೆ. ವೈರಸ್ಸನ್ನು ಓಡಿಸುವಷ್ಟು ಬಲವಿಲ್ಲದೆ, ಸುಮ್ಮನಿರಲೂ ಆಗದೆ, ವರ್ಷಗಟ್ಟಲೆ ಸಣ್ಣಗೆ ಉರಿಯುತ್ತಾ ಲಿವರಿನಲ್ಲಿ ಕಲೆಗಳನ್ನು ಬಿಡುತ್ತದೆ. ಸಿರೋಸಿಸ್ ಎಂದರೆ ಇದೇ. ಕೆಲವರಲ್ಲಿ ಒಮ್ಮೆಲೇ ಭುಗಿಲೆದ್ದು ಲಿವರ್ ವಿಫಲವಾಗುವುದೂ ಉಂಟು. ಹೆಪಟೈಟಿಸ್ ಸಿ ಕೂಡಾ ಸಣ್ಣ ಉರಿಯಿಂದಲೇ ಲಿವರ್ ಕೆಡಿಸುವಂಥದ್ದು, ಆದರೆ ಅದಕ್ಕೀಗ ಸಾಮಾನ್ಯವಾಗಿ ಹನ್ನೆರಡು ವಾರಗಳ ಮಾತ್ರೆಯಲ್ಲಿ ಗುಣವಾಗುವ ಚಿಕಿತ್ಸೆಯಿದೆ. 2018ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇವೆರಡರ ಪರೀಕ್ಷೆ, ಔಷಧಿ ಸರಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಹೆಪಟೈಟಿಸ್ ಬಿ ಇರುವವರು ಇನ್ನೆರಡು ಸಂದರ್ಭಗಳಲ್ಲಿ ಎಚ್ಚರದಿಂದಿರಬೇಕು. ಮೊದಲನೆಯದು, ಬೇರೆ ಕಾಯಿಲೆಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಪಡೆಯುವಾಗ. ಕ್ಯಾನ್ಸರಿನ ಕೀಮೋಥೆರಪಿ, ಸಂಧಿವಾತಕ್ಕೆ ಬಹುಕಾಲ ಕೊಡುವ ಸ್ಟೀರಾಯ್ಡ್ ಇಂಥವು. ಕಾವಲು ಇಲ್ಲದಾಗ ವೈರಸ್ ಮಿತಿಯಿಲ್ಲದೆ ಹೆಚ್ಚುತ್ತದೆ, ಔಷಧಿ ನಿಲ್ಲಿಸಿ ಕಾವಲು ಮರಳಿ ಬಂದಾಗ ತುಂಬಿದ ಮನೆಯ ಮೇಲೆ ಒಟ್ಟಿಗೇ ಬೀಳುತ್ತದೆ. ರಿಟುಕ್ಸಿಮಾಬ್ ಎಂಬ ಔಷಧಿಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಇದೇ ಕಾರಣಕ್ಕೆ ಕಟ್ಟೆಚ್ಚರಿಕೆ ಕೊಟ್ಟಿತು. ಇಂಥ ಚಿಕಿತ್ಸೆಗೆ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆಯಾಗಿದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಎರಡನೆಯದು, ವೈರಸ್ ಅಡಗಿಸುವ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು. "ವರ್ಷವಾಯಿತು, ಚೆನ್ನಾಗಿದ್ದೇನೆ" ಎಂದು ನಿಲ್ಲಿಸಿದವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ವೈರಸ್ ಮತ್ತೆ ಏರಿ, ಹಿಂದೆಯೇ ಕಾವಲು ಪಡೆಯ ದಾಳಿಯಾಗಿ ಲಿವರ್ ವಿಫಲವಾದುದಿದೆ. ಉಮ್ರಾಕ್ಕೆ, ಮಗಳ ಹೆರಿಗೆಗೆಂದು ದುಬೈಗೆ, ಎಲ್ಲಿಗೇ ಹೊರಟರೂ ಮರಳಿ ಬರುವವರೆಗೆ ಬೇಕಾಗುವ ಮಾತ್ರೆಗಳನ್ನು ಎಣಿಸಿ, ಹತ್ತು ದಿನದ್ದು ಹೆಚ್ಚಿಗೆ ಸೇರಿಸಿ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.